ಸೋರಿಕೆಯ ಹಿಂದೆ ಅಡಗಿದ್ದ ತಡೆ: ಹಳೆಯ ಕ್ಯಾಂಪರ್ ವ್ಯಾನಿನ ಪೆಟ್ರೋಲ್ ಟ್ಯಾಂಕ್ ಉಸಿರುಕೊಳವೆಗಳ ದುರಸ್ತಿ

ಈ ಪ್ರಕರಣದ ವಾಹನ 1987ರ ಮಾದರಿಯ ಫೋಕ್ಸ್‌ವ್ಯಾಗನ್ ವ್ಯಾನಗನ್. ಹಾಸಿಗೆ, ಒಲೆ, ಫ್ರಿಜ್ ಮತ್ತು ಮೇಲಕ್ಕೆತ್ತುವ ಚಾವಣಿಯನ್ನು ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅಳವಡಿಸಿ ಕೊಟ್ಟ ಕ್ಯಾಂಪರ್ ಅದು. ಎಂಜಿನ್ ಹಿಂಬದಿಯಲ್ಲಿದೆ; 2.1 ಲೀಟರಿನದು, ನೀರಿನಿಂದ ತಂಪಾಗುವಂಥದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಗೆ ಅದು ಬಂದು ಆರು ವರ್ಷಗಳಾದವು. ಬ್ರೇಕು, ಕೂಲೆಂಟ್ ಪೈಪುಗಳು, ಬಾಗಿಲುಗಳ ರಬ್ಬರು ಮುಂತಾದ ಕೆಲಸಗಳನ್ನು ನಾನೇ ಮಾಡಿಕೊಂಡು ಬಂದಿದ್ದೇನೆ. ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಕೈ ಹಾಕಿರಲಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳದ ಜಾಗದಲ್ಲಿತ್ತು ಮತ್ತು ಅದುವರೆಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ.

ತೊಂದರೆ ಮೊದಲು ಕಾಣಿಸಿಕೊಂಡದ್ದು ವಾಸನೆಯ ರೂಪದಲ್ಲಿ. ಮೇ ತಿಂಗಳ ಒಂದು ಶನಿವಾರ ಟ್ಯಾಂಕ್ ಭರ್ತಿ ಮಾಡಿಸಿ ಮನೆಯ ಮುಂದೆ ನಿಲ್ಲಿಸಿದ್ದೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಹಾಸಿಗೆಯ ಹೊದಿಕೆ ತೆಗೆದುಕೊಳ್ಳಲು ವ್ಯಾನಿನೊಳಗೆ ಹೋದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, “ರೀ, ಇದು ಒಲೆಯ ಗ್ಯಾಸಲ್ಲ, ಪೆಟ್ರೋಲ್ ವಾಸನೆ. ಬಂದು ನೋಡಿ” ಎಂದಳು. ಕೆಳಗೆ ಬಗ್ಗಿ ನೋಡಿದಾಗ ಮುಂಚಕ್ರಗಳ ಹಿಂದೆ, ಬಲಬದಿಗೆ, ಕಾಂಕ್ರೀಟಿನ ಮೇಲೆ ಅಂಗೈ ಅಗಲದ ಒದ್ದೆ ಇತ್ತು. ಸಂಜೆ ನಲವತ್ತು ಮೈಲಿ ಓಡಿಸಿ ಬಂದ ಮೇಲೆ ಒದ್ದೆಯೂ ಇಲ್ಲ, ವಾಸನೆಯೂ ಇಲ್ಲ. ಮುಂದಿನ ವಾರ ಮತ್ತೆ ಭರ್ತಿ ಮಾಡಿಸಿದಾಗ ಎರಡೂ ಮರಳಿ ಬಂದವು.

ಕ್ಯಾಂಪರ್ ವ್ಯಾನಿನಲ್ಲಿ ಈ ವಾಸನೆಯನ್ನು ಒಂದು ದಿನವೂ ಸಹಿಸಿಕೊಂಡು ಕೂರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದದ್ದು. ಮೇಲೇರಿ ಚದುರಿಹೋಗುವ ಬದಲು ನೆಲದ ಮಟ್ಟದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಸಾಧಾರಣ ಕಾರಿನಲ್ಲಿ ಆ ಕಿಡಿಗೆ ಸ್ಟಾರ್ಟರ್ ಮೋಟಾರೋ ಸಡಿಲವಾದ ವೈರೋ ಕಾರಣವಾಗಬೇಕು. ನಮ್ಮ ವ್ಯಾನಿನಲ್ಲಾದರೋ ಒಲೆಯಿದೆ. ಗ್ಯಾಸಿನಿಂದ ನಡೆಯುವ ಫ್ರಿಜ್ ಇದ್ದು, ಅದರೊಳಗೆ ರಾತ್ರಿಯಿಡೀ ಚಿಕ್ಕದೊಂದು ಜ್ವಾಲೆ ಉರಿಯುತ್ತಿರುತ್ತದೆ. ಮುಂದಿನ ಎರಡು ಸೀಟುಗಳ ಕೆಳಗೆ, ಎಂದರೆ ಟ್ಯಾಂಕಿನ ನೇರ ಮೇಲೆ, ಎರಡು ಬ್ಯಾಟರಿಗಳಿವೆ. ಅಂದೇ ಗ್ಯಾಸಿನ ಮುಖ್ಯ ಕವಾಟವನ್ನು ಮುಚ್ಚಿದೆ, ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸುವುದನ್ನು ನಿಲ್ಲಿಸಿದೆ, ವ್ಯಾನಿನಲ್ಲಿ ಮಲಗುವುದನ್ನೂ ನಿಲ್ಲಿಸಿದೆವು.

ಟ್ಯಾಂಕ್ ಉಸಿರಾಡುವ ಬಗೆ

ದುರಸ್ತಿಯ ವಿವರಕ್ಕೆ ಹೋಗುವ ಮೊದಲು ಈ ವ್ಯವಸ್ಥೆಯ ರಚನೆಯನ್ನು ಹೇಳಬೇಕು, ಏಕೆಂದರೆ ನಾನು ಮಾಡಿದ ಎರಡು ತಪ್ಪುಗಳೂ ಅದನ್ನು ಪೂರ್ತಿಯಾಗಿ ಅರ್ಥಮಾಡಿಕೊಳ್ಳದೆ ಮಾಡಿದವು. ಯುರೋಪಿನಲ್ಲಿ ಟಿ3 ಎಂದು 1979ರಲ್ಲಿ ಬಂದು, ಅಮೆರಿಕದಲ್ಲಿ 1980ರಿಂದ 1991ರವರೆಗಿನ ಮಾದರಿಗಳಲ್ಲಿ ವ್ಯಾನಗನ್ ಎಂಬ ಹೆಸರಿನಿಂದ ಮಾರಾಟವಾದ ಈ ವ್ಯಾನಿನ ಟ್ಯಾಂಕ್ 60 ಲೀಟರಿನದು. ಉಕ್ಕಿನ ತಗಡಿನಿಂದ ಮಾಡಿದ್ದು. ಮುಂದಿನ ಸೀಟುಗಳ ಕೆಳಗೆ, ನೆಲದ ತಗಡಿಗೂ ರಸ್ತೆಗೂ ನಡುವೆ, ಎರಡು ಉಕ್ಕಿನ ಪಟ್ಟಿಗಳಲ್ಲಿ ತೂಗಿಕೊಂಡಿದೆ. ನಾಲ್ಕೂ ಚಕ್ರಗಳನ್ನು ಎಂಜಿನ್ ತಿರುಗಿಸುವ ಸಿಂಕ್ರೊ ಮಾದರಿಯಲ್ಲಿ ಟ್ಯಾಂಕಿನ ಜಾಗವೇ ಬೇರೆ. ಇಲ್ಲಿ ಬರೆದಿರುವುದು ಅದಕ್ಕೆ ಹೊಂದುವುದಿಲ್ಲ.

ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.00095 ಪಾಲು ಹಿಗ್ಗುತ್ತದೆ. ಬಂಕಿನ ನೆಲಮಾಳಿಗೆಯ ತೊಟ್ಟಿಯಿಂದ 15 ಡಿಗ್ರಿಯಲ್ಲಿ ಬಂದ 60 ಲೀಟರ್ ಪೆಟ್ರೋಲ್ ಬಿಸಿಲಿನಲ್ಲಿ 35 ಡಿಗ್ರಿಗೆ ಏರಿದರೆ ಅದರ ಗಾತ್ರ ಸುಮಾರು 1.1 ಲೀಟರಿನಷ್ಟು ಹೆಚ್ಚುತ್ತದೆ. ಹೀಗೆ ಉಕ್ಕಿದ ಪೆಟ್ರೋಲಿಗೆ ಜಾಗ ಬೇಕೆಂದೇ ಮುಂಚಕ್ರಗಳ ಮಡ್‌ಗಾರ್ಡಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ನೆಟ್ಟಗೆ ನಿಂತ ಪ್ಲಾಸ್ಟಿಕ್ ಡಬ್ಬಿಗಳನ್ನಿಟ್ಟಿದ್ದಾರೆ. ಟ್ಯಾಂಕಿನ ಮೇಲ್ಮೈಯ ತೂತುಗಳಲ್ಲಿ ಅಂಚನ್ನು ಬಿಗಿಯಾಗಿ ಮುಚ್ಚುವ ಬಳೆಯಂಥ ರಬ್ಬರ್ ಗ್ರಾಮೆಟ್‌ಗಳು, ಆ ಗ್ರಾಮೆಟ್‌ಗಳಲ್ಲಿ ಪ್ಲಾಸ್ಟಿಕ್ ಮೂತಿಗಳು, ಮೂತಿಗಳಿಂದ ಈ ಡಬ್ಬಿಗಳವರೆಗೆ ಕೊಳವೆಗಳು. ಬಲಗಡೆಯಲ್ಲಿ ಒಂದು ಕವಾಟವಿದೆ. ವ್ಯಾನ್ ನೆಟ್ಟಗಿರುವಾಗ ತೆರೆದಿರುವ ಅದು, ವ್ಯಾನ್ ಮಗುಚಿದರೆ ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡು ಪೆಟ್ರೋಲ್ ಹೊರಚೆಲ್ಲದಂತೆ ತಡೆಯುತ್ತದೆ. ಅಲ್ಲಿಂದ ಒಂದು ಉದ್ದನೆಯ ಕೊಳವೆ ವ್ಯಾನಿನ ಹಿಂಭಾಗಕ್ಕೆ ಹೋಗಿ ಇದ್ದಿಲಿನ ಡಬ್ಬಿಯನ್ನು ಸೇರುತ್ತದೆ. ಟ್ಯಾಂಕಿನಿಂದ ಹೊರಟ ಆವಿ ಆ ಇದ್ದಿಲಿಗೆ ಅಂಟಿಕೊಳ್ಳುತ್ತದೆ; ಎಂಜಿನ್ ಓಡುವಾಗ ಡಬ್ಬಿಯ ಇನ್ನೊಂದು ಬಾಯಿಯಿಂದ ಹೊರಗಿನ ಗಾಳಿ ಒಳಬಂದು, ಅಂಟಿದ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಒಯ್ಯುತ್ತದೆ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿಗೆ ಬೇಕಾಗುವ ಗಾಳಿಯೂ ಇದೇ ದಾರಿಯಲ್ಲಿ ಹಿಮ್ಮುಖವಾಗಿ ಬರಬೇಕು. ಟ್ಯಾಂಕಿಗೆ ಮೂಗು ಎಂಬುದಿದ್ದರೆ ಅದು ಹಿಂಭಾಗದ ಆ ಡಬ್ಬಿಯ ಬಾಯಿಯೇ.

ಇದ್ದಿಲಿನ ಡಬ್ಬಿ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದಲೂ ದೇಶದ ಉಳಿದೆಡೆ 1971ರ ಮಾದರಿಗಳಿಂದಲೂ ಬಂದದ್ದು ಈ ರಾಜ್ಯದ ಹೊಗೆಮಂಜಿನ ಇತಿಹಾಸದಿಂದಾಗಿ. ಲಾಸ್ ಏಂಜಲೀಸಿನ ಕಣ್ಣುರಿಯ ಮಂಜಿಗೆ ಪೆಟ್ರೋಲಿನ ಆವಿ ಮತ್ತು ಎಂಜಿನ್ ಹೊಗೆ ಬಿಸಿಲಿನಲ್ಲಿ ಕೂಡಿ ನಡೆಸುವ ರಾಸಾಯನಿಕ ಕ್ರಿಯೆಯೇ ಕಾರಣವೆಂದು ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿದ್ದರು. ಹೀಗಾಗಿ ನಿಂತ ವಾಹನದಿಂದ ಹೊರಡುವ ಆವಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 1976ರಿಂದ 1995ರವರೆಗಿನ ಮಾದರಿಗಳಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯಲ್ಲಿ, 2007ರ ಡಿಸೆಂಬರ್‌ನಿಂದ, ಟ್ಯಾಂಕಿಗೆ ಅಲ್ಪ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಸೇರಿದೆ. ನಮ್ಮ ವ್ಯಾನಿನ ತಪಾಸಣೆಯ ಗಡುವು ಜೂನ್ ಕೊನೆಗಿತ್ತು. ಮೇ ಕೊನೆಯಲ್ಲಿ ಒಯ್ದಾಗ ಹೊಗೆಯ ಅಂಕಿಗಳೆಲ್ಲ ಸರಿಯಾಗಿದ್ದವು, ಒತ್ತಡ ಮಾತ್ರ ನಿಲ್ಲಲಿಲ್ಲ.

ಮೊದಲ ದುರಸ್ತಿ

ಒದ್ದೆ ಬಲಬದಿಯಲ್ಲಿತ್ತು, ಪೆಟ್ರೋಲ್ ತುಂಬುವ ಬಾಯಿಯೂ ಬಲಬದಿಯಲ್ಲೇ ಇದೆ. ಇವೆರಡನ್ನು ಕೂಡಿಸಿ, ಸೋರುತ್ತಿರುವುದು ತುಂಬುವ ಪೈಪ್ ಟ್ಯಾಂಕಿಗೆ ಸೇರುವಲ್ಲಿರುವ ದೊಡ್ಡ ರಬ್ಬರ್ ಸೀಲೇ ಎಂದು ತೀರ್ಮಾನಿಸಿದೆ. ಈ ವ್ಯಾನುಗಳಲ್ಲಿ ಆ ಸೀಲ್ ಹಾಳಾಗುವುದು ಹೊಸ ಸಂಗತಿಯಲ್ಲ, ಟ್ಯಾಂಕ್ ಇಳಿಸದೆಯೇ ಅದನ್ನು ಬದಲಿಸಲು ಸಾಧ್ಯ. ಹಳೆಯ ಸೀಲ್ ನಿಜವಾಗಿಯೂ ಗಟ್ಟಿಯಾಗಿತ್ತು. ಅದನ್ನು ಬದಲಿಸಿದೆ, ಮುಚ್ಚಳವನ್ನೂ ಹೊಸದು ಹಾಕಿದೆ, ಭರ್ತಿ ಮಾಡಿಸಿದೆ. ಮರುದಿನ ಅದೇ ಜಾಗದಲ್ಲಿ ಅದೇ ಅಂಗೈ ಅಗಲದ ಒದ್ದೆ.

ಆಗ ಮಾಡಬೇಕಾಗಿದ್ದನ್ನು ನಾನು ಮೊದಲೇ ಮಾಡಬೇಕಿತ್ತು: ಸೋರಿಕೆ ಯಾವ ಮಟ್ಟದಲ್ಲಿ ನಿಲ್ಲುತ್ತದೆ ಎಂದು ಅಳೆಯುವುದು. ವ್ಯಾನಿನ ಕೆಳಗೆ ರಟ್ಟು ಹಾಸಿ, ಟ್ಯಾಂಕಿಗೆ ಐದೈದು ಲೀಟರ್ ಸುರಿಯುತ್ತ, ಪ್ರತಿ ಸಲವೂ ಎರಡು ಗಂಟೆ ಕಾದು ನೋಡಿದೆ. 50 ಲೀಟರಿನವರೆಗೆ ರಟ್ಟು ಒಣಗಿತ್ತು. 55ಕ್ಕೆ ಬಿಸಿಲಿನಲ್ಲಿ ಮಾತ್ರ ಒಂದೆರಡು ಹನಿ. 60ಕ್ಕೆ ನೆರಳಿನಲ್ಲೂ ತೊಟ್ಟಿಕ್ಕತೊಡಗಿತು. ತುಂಬುವ ಪೈಪು ಟ್ಯಾಂಕಿನ ಪಕ್ಕದಿಂದ ಒಳಹೋಗುವುದರಿಂದ ಆ ಸೀಲ್ ಸೋರುವುದಾದರೆ ಇನ್ನೂ ಕೆಳಮಟ್ಟದಲ್ಲೇ ಶುರುವಾಗಬೇಕಿತ್ತು. ಹಾಗಾಗಿ ಸೋರುವ ಜಾಗ ಟ್ಯಾಂಕಿನ ನೆತ್ತಿಯ ಮೇಲಿದೆ. ಅಲ್ಲಿಂದ ಹರಿದ ಪೆಟ್ರೋಲ್ ಟ್ಯಾಂಕಿನ ಅಂಚಿನಗುಂಟ ಇಳಿದು ಬಲಮೂಲೆಯಲ್ಲಿ ತೊಟ್ಟಿಕ್ಕುತ್ತಿದೆ, ಅಷ್ಟೆ. ಒದ್ದೆಯ ಜಾಗವನ್ನು ನಂಬಿ ಎರಡು ವಾರ ಮತ್ತು ಒಂದು ಸೀಲಿನ ಹಣ ಕಳೆದುಕೊಂಡಿದ್ದೆ.

ಮಡ್‌ಗಾರ್ಡಿನ ಒಳಹೊದಿಕೆ ಬಿಚ್ಚಿದಾಗ ಇನ್ನೊಂದು ಸಾಕ್ಷಿ ಸಿಕ್ಕಿತು. ಬಲಗಡೆಯ ಡಬ್ಬಿಯ ಬುಡದಲ್ಲಿ ಮಣ್ಣು ಉಳಿದೆಡೆಯ ಹಾಗೆ ಬೂದುಬಣ್ಣದ ಧೂಳಾಗಿರಲಿಲ್ಲ. ಕಂದುಬಣ್ಣಕ್ಕೆ ತಿರುಗಿ, ಬೆರಳಿಗೆ ಅಂಟುವ ಕೆನೆಯಂತೆ ಕುಳಿತಿತ್ತು. ಪೆಟ್ರೋಲ್ ಆರಿದ ಮೇಲೆ ಉಳಿಯುವ ಜಿಡ್ಡು ಧೂಳನ್ನು ಹಿಡಿದು ಹಾಗೆ ಕಟ್ಟಿಕೊಳ್ಳುತ್ತದೆ. ಇಷ್ಟು ದಪ್ಪ ಕಟ್ಟಬೇಕಾದರೆ ಒಂದೆರಡು ತಿಂಗಳ ಸೋರಿಕೆ ಸಾಲದು. ಎಷ್ಟೋ ಕಾಲದಿಂದ ಅಲ್ಲಿ ಒಸರುತ್ತಿತ್ತು.

ಟ್ಯಾಂಕ್ ಇಳಿಸಿದ್ದು

ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಮೊದಲು ಕೈಪಂಪಿನಿಂದ ಮುಚ್ಚಳದ ಕ್ಯಾನುಗಳಿಗೆ ತೆಗೆದೆ. 60 ಲೀಟರಿನ ತೂಕ 44 ಕಿಲೋ; ತುಂಬಿದ ಟ್ಯಾಂಕನ್ನು ಜಾಕಿನ ಮೇಲೆ ಇಳಿಸುವ ಯೋಚನೆಯನ್ನೇ ಮಾಡಬಾರದು. ಕೆಲಸ ನಡೆದದ್ದು ಮನೆಯ ಮುಂದಿನ ಬಯಲಿನಲ್ಲಿ, ಗ್ಯಾರೇಜಿನೊಳಗಲ್ಲ. ನಮ್ಮ ಗ್ಯಾರೇಜಿನಲ್ಲಿ ನೀರು ಕಾಯಿಸುವ ಗ್ಯಾಸ್ ಹಂಡೆಯಿದೆ. ಅದರ ಜ್ವಾಲೆ ನೆಲಕ್ಕೆ ಹತ್ತಿರದಲ್ಲಿ ಉರಿಯುತ್ತದೆ, ಪೆಟ್ರೋಲಿನ ಆವಿಯೂ ನೆಲದ ಮೇಲೇ ಹರಿಯುತ್ತದೆ. ಎರಡೂ ಬ್ಯಾಟರಿಗಳ ತಂತಿ ಬಿಚ್ಚಿದ್ದೆ. ಎಣ್ಣೆಯ ಬೆಂಕಿಗೆ ಆಗುವಂಥ ಅಗ್ನಿಶಾಮಕ ಡಬ್ಬಿ ಕೈಗೆಟಕುವಲ್ಲಿತ್ತು. ವೈರ್‌ಬ್ರಷ್ ಹಾಕಿದ ಡ್ರಿಲ್ಲನ್ನು ಕೆಲಸ ಮುಗಿಯುವವರೆಗೆ ಹೊರಗೆ ತೆಗೆಯಲಿಲ್ಲ, ತುಕ್ಕನ್ನೆಲ್ಲ ಕೈಯಲ್ಲೇ ಉಜ್ಜಿದೆ.

ಪಟ್ಟಿಗಳನ್ನು ಒಮ್ಮೆಲೇ ಬಿಚ್ಚದೆ, ಟ್ಯಾಂಕಿನ ಅಡಿಗೆ ಹಲಗೆಯಿಟ್ಟು ಜಾಕ್ ಕೊಟ್ಟು, ನಾಲ್ಕು ಬೆರಳಿನಷ್ಟು ಕೆಳಗೆ ತಂದೆ. ನೆತ್ತಿಯ ಮೇಲಿನ ಕೊಳವೆಗಳಿಗೆ ಕೈ ಎಟಕುವುದು ಆಗಲೇ. ಅದಕ್ಕೂ ಹೆಚ್ಚು ಇಳಿಸಿದರೆ ಮುರುಕಲು ಪ್ಲಾಸ್ಟಿಕ್ ಮೂತಿಗಳು ಜಗ್ಗಿ ಮುರಿಯುತ್ತವೆ. ಕೊಳವೆಯನ್ನು ಹಿಡಿದೆಳೆಯುವ ಆಸೆಯನ್ನು ಇಲ್ಲಿ ತಡೆಯಬೇಕು. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ, ಬಾಳೆಕಾಯಿಯ ಸಿಪ್ಪೆ ಬಿಡಿಸುವಂತೆ ಮೂತಿಯಿಂದ ಬಿಡಿಸಿದೆ. ಎಡಗಡೆಯ ಒಂದು ಮೂತಿಯ ವಿಷಯದಲ್ಲಿ ಆತುರಪಟ್ಟೆ, ಅದು ಕೈಯಲ್ಲೇ ಮುರಿಯಿತು.

ಕೆಳಗಿಳಿದ ಟ್ಯಾಂಕಿನ ನೆತ್ತಿಯನ್ನು ನೋಡಿದಾಗ ಸುಮಾರು ಮೂರೂವರೆ ದಶಕ ಯಾರೂ ಅಲ್ಲಿಗೆ ಕೈ ಹಾಕಿಲ್ಲವೆಂಬುದು ತಿಳಿಯುತ್ತಿತ್ತು. ಒಣ ಎಲೆ, ರಸ್ತೆಯ ಸಣ್ಣ ಕಲ್ಲು, ಬೆರಳು ದಪ್ಪದ ಮಣ್ಣು. ಗ್ರಾಮೆಟ್‌ಗಳ ಸುತ್ತ ಮಣ್ಣು ಇಲ್ಲದ ಉಂಗುರಗಳು. ಪೆಟ್ರೋಲ್ ಒಸರಿ ಮಣ್ಣನ್ನು ತೊಳೆದ ಗುರುತು ಅದು. ಒಂದು ಗ್ರಾಮೆಟ್ ತೆಗೆದು ಬೆಳಕಿಗೆ ಹಿಡಿದೆ. ಮೆತ್ತಗಿರಬೇಕಾದ ರಬ್ಬರು ಹುಣಸೆ ಬೀಜದಷ್ಟು ಗಟ್ಟಿಯಾಗಿ ಹೊಳೆಯುತ್ತಿತ್ತು. ಉಗುರು ಒತ್ತಿದರೆ ಗುರುತು ಬೀಳಲಿಲ್ಲ. ಒಳಅಂಚಿನಲ್ಲಿ ಸುತ್ತಲೂ ಕೂದಲೆಳೆಯ ಬಿರುಕುಗಳು. ಎರಡು ಬೆರಳುಗಳ ನಡುವೆ ಮಡಚಿದಾಗ ಕೊಬ್ಬರಿ ಹೋಳು ಮುರಿಯುವ ಸದ್ದು ಮಾಡಿ ಎರಡಾಯಿತು. ಉಳಿದವೂ ಹಾಗೇ ಇದ್ದವು. ಬಲಗಡೆಯ ಡಬ್ಬಿಯ ಬುಡದ ಗ್ರಾಮೆಟ್ ಮಾತ್ರ ಮುರಿಯುವ ಮೊದಲೇ ಮೂರು ತುಂಡಾಗಿ ತನ್ನ ಜಾಗದಲ್ಲಿ ಸುಮ್ಮನೆ ಕೂತಿತ್ತು.

ರಬ್ಬರಿಗೆ ಹೀಗಾಗಲು ವಯಸ್ಸು ಮುಖ್ಯ ಕಾರಣ. ಕಾವು, ಪೆಟ್ರೋಲ್ ಆವಿ, ಒಣಗುವುದು ಮತ್ತೆ ನೆನೆಯುವುದು, ಇವು ವರ್ಷಗಟ್ಟಲೆ ನಡೆದು ರಬ್ಬರಿನೊಳಗಿನ ಮೆತು ಪದಾರ್ಥವನ್ನು ಹೊರಗೆಳೆಯುತ್ತವೆ. ಎಥೆನಾಲ್ ಇದಕ್ಕೆ ಜೊತೆಯಾಗುತ್ತದೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಈಗ ಸಿಗುವ ಸಾಧಾರಣ ಪೆಟ್ರೋಲಿನಲ್ಲಿ ಶೇ. 10 ಎಥೆನಾಲ್ ಇದೆ. ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡಿರುವವರಿಗೂ ಈ ಮಾತು ಅನ್ವಯಿಸುತ್ತದೆ: ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಅದಕ್ಕೂ ಬಹಳ ಹಿಂದಿನ ವಾಹನವಾದರೆ ಮೈಲೇಜಿನ ಚಿಂತೆಗಿಂತ ಮೊದಲು ಟ್ಯಾಂಕಿನ ನೆತ್ತಿಯ ರಬ್ಬರುಗಳನ್ನೊಮ್ಮೆ ಉಗುರಿನಿಂದ ಒತ್ತಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಿಡಿಭಾಗಗಳ ಆಯ್ಕೆ

ಈ ವ್ಯಾನಿಗೆಂದೇ ಗ್ರಾಮೆಟ್, ಸೀಲ್, ಮೂತಿಗಳನ್ನು ಒಟ್ಟುಗೂಡಿಸಿ ಮಾರುವ ಕಿಟ್‌ಗಳು ಸಿಗುತ್ತವೆ. ಒಂದನ್ನು ತರಿಸಿದೆ. ಗ್ರಾಮೆಟ್‌ಗಳು ಚೆನ್ನಾಗಿದ್ದವು, ಜೊತೆಗೆ ಬಂದ ಕೊಳವೆಯ ಮೇಲೆ ಯಾವ ದರ್ಜೆಯ ಮುದ್ರೆಯೂ ಇರಲಿಲ್ಲ. ಅದರ ಒಂದು ತುಂಡನ್ನು ಗಾಜಿನ ಬಾಟಲಿಯಲ್ಲಿ ಪೆಟ್ರೋಲಿನಲ್ಲಿ ಮುಳುಗಿಸಿ ಒಂದು ವಾರ ಹೊರಗಿಟ್ಟೆ. ತೆಗೆದಾಗ ತುಂಡು ಊದಿ ಮೆತ್ತಗಾಗಿತ್ತು, ಪೆಟ್ರೋಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಆ ಕೊಳವೆಯನ್ನು ಬಳಸಲಿಲ್ಲ.

ಅಮೆರಿಕದಲ್ಲಿ ಇಂಧನದ ಕೊಳವೆಗಳ ಮೇಲೆ ಎಸ್‌ಎಇ ಜೆ30 ಎಂಬ ಮಾನದಂಡದ ದರ್ಜೆ ಮುದ್ರಿತವಾಗಿರುತ್ತದೆ. ಆರ್7 ಎಂಬುದು ಕಡಿಮೆ ಒತ್ತಡದ ಸಾಧಾರಣ ಕೊಳವೆ. ಆರ್9ರ ಒಳಪದರ ಫ್ಲೋರಿನ್ ಸೇರಿದ ರಬ್ಬರಿನದು. ಎಥೆನಾಲಿಗೂ ಆವಿಗೂ ಚೆನ್ನಾಗಿ ತಡೆದುಕೊಳ್ಳುತ್ತದೆ, ಆವಿ ಅದರ ಗೋಡೆಯ ಮೂಲಕ ಹೊರಸೂಸುವುದೂ ಕಡಿಮೆ. ಉಸಿರುಕೊಳವೆಯಲ್ಲಿ ಒತ್ತಡವೇ ಇಲ್ಲವಲ್ಲ, ಆರ್7 ಸಾಕು ಎನ್ನುವವರಿದ್ದಾರೆ. ಒತ್ತಡದ ದೃಷ್ಟಿಯಿಂದ ಅದು ಸರಿ. ಆದರೆ ಟ್ಯಾಂಕನ್ನು ಇಳಿಸದೆ ಮುಟ್ಟಲಾಗದ ಜಾಗದಲ್ಲಿ ಬೆಲೆಯ ವ್ಯತ್ಯಾಸವನ್ನು ನೋಡುವುದು ಸಲ್ಲದೆಂದು ಎಲ್ಲ ಕಡೆಯೂ ಆರ್9 ಹಾಕಿದೆ. ಕ್ಲಾಂಪುಗಳಲ್ಲಿಯೂ ಪಟ್ಟಿಯಲ್ಲಿ ಸೀಳುಗಳಿದ್ದು ರಬ್ಬರನ್ನು ಕೊರೆಯುವ ಜಾತಿಯನ್ನು ಬಿಟ್ಟು, ಅಂಚು ಮಡಚಿದ ನಯವಾದ ಪಟ್ಟಿಯವನ್ನು ಆರಿಸಿದೆ. ಪ್ಲಾಸ್ಟಿಕ್ ಮೂತಿಯ ಮೇಲೆ ಅವನ್ನು ಬಿಗಿಯುವಾಗ ಕೊಳವೆ ಕೈಯಿಂದ ತಿರುಗದಷ್ಟು ಮಾತ್ರ ಬಿಗಿಯಬೇಕು.

ಜೋಡಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಗ್ರಾಮೆಟ್ ಕೂರುವ ತೂತುಗಳ ಅಂಚು. ಹೊಸ ರಬ್ಬರು ಎಷ್ಟೇ ಒಳ್ಳೆಯದಿದ್ದರೂ ತುಕ್ಕಿನ ಹಕ್ಕಳೆಯ ಮೇಲೆ ಕೂತರೆ ಸೋರುತ್ತದೆ. ಪ್ರತಿ ತೂತಿನ ಅಂಚನ್ನೂ ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಬೆರಳು ಸುತ್ತಿಸಿದರೆ ಎಲ್ಲೂ ತಡೆಯದಷ್ಟು ನಯ ಮಾಡಿದೆ. ತಗಡಿನ ತುಕ್ಕು ಮೇಲ್ಪದರದಲ್ಲೇ ಇತ್ತು. ದಬ್ಬಣದ ಮೊನೆಯಿಂದ ಒತ್ತಿದಾಗ ಎಲ್ಲೂ ಒಳಹೋಗಲಿಲ್ಲ. ಆ ಭಾಗಕ್ಕೆ ತುಕ್ಕುನಿರೋಧಕವನ್ನೂ ಬಣ್ಣವನ್ನೂ ಬಳಿದು ಎರಡು ದಿನ ಒಣಗಲು ಬಿಟ್ಟೆ. ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟಿನ ಸೀಲನ್ನೂ ಅದೇ ಕೈಯಲ್ಲಿ ಬದಲಿಸಿದೆ. ಮೂತಿಗಳನ್ನು ಗ್ರಾಮೆಟ್‌ಗೆ ತೂರಿಸಲು ಗ್ರೀಸ್ ಹಚ್ಚದೆ ಒಂದೆರಡು ಹನಿ ಸೋಪಿನ ನೀರನ್ನು ಬಳಸಿದೆ. ಗ್ರೀಸ್ ಹಚ್ಚಿದರೆ ಸುಲಭವಾಗಿ ಕೂರುತ್ತದೆ, ಅಷ್ಟೇ ಸುಲಭವಾಗಿ ಕಳಚಿಯೂ ಬರುತ್ತದೆ.

ಪರೀಕ್ಷೆ, ಮತ್ತು ಅದು ಹೇಳದೆ ಉಳಿಸಿದ್ದು

ಟ್ಯಾಂಕನ್ನು ಮೇಲೇರಿಸಿದ ಬಳಿಕ ಮನೆಯಲ್ಲೇ ಒತ್ತಡದ ಪರೀಕ್ಷೆ ಮಾಡಿದೆ. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಕಟ್ಟಿ, ಅದರಲ್ಲಿ ಕುಂಕುಮ ಕದಡಿದ ನೀರು ತುಂಬಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿದೆ. ಗಾಳಿ ಒತ್ತಲು ರಕ್ತದೊತ್ತಡ ನೋಡುವ ಸಾಧನದ ರಬ್ಬರ್ ಬುಗ್ಗೆ. ಸೈಕಲ್ ಪಂಪು ಇಲ್ಲಿ ಬೇಡ, ಅದು ಒಂದೇ ಒತ್ತಿಗೆ ಮಿತಿ ಮೀರುತ್ತದೆ. ನಮಗೆ ಬೇಕಾದದ್ದು 35 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ, ಅಂದರೆ ಚದರ ಇಂಚಿಗೆ ಅರ್ಧ ಪೌಂಡ್ ಮಾತ್ರ. ಹಿಂಭಾಗಕ್ಕೆ ಹೋಗುವ ಉದ್ದನೆಯ ಕೊಳವೆಯನ್ನು ಬಲಗಡೆಯ ಕವಾಟದಿಂದ ಕಳಚಿ, ಆ ಮೂತಿಗೇ ನನ್ನ ಅಳತೆಯ ಕೊಳವೆಯನ್ನು ಜೋಡಿಸಿದೆ.

ಮೊದಲ ಸಲ ಎರಡೇ ನಿಮಿಷದಲ್ಲಿ 35ರಿಂದ 12ಕ್ಕೆ ಇಳಿಯಿತು. ಸೋಪಿನ ನೊರೆ ಹಚ್ಚಿ ನೋಡಿದಾಗ ಬಲಗಡೆಯ ಡಬ್ಬಿಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಗ್ರಾಮೆಟಿನ ಹಿಂಬದಿಯ ತುಟಿ ಒಳಗೆ ಮಡಚಿಕೊಂಡಿತ್ತು. ತೆಗೆದು ಸರಿಯಾಗಿ ಕೂರಿಸಿದ ಮೇಲೆ ಎರಡು ನಿಮಿಷಕ್ಕೆ 34. ಐದು ನಿಮಿಷ ಕಳೆದು ನೋಡಿದರೆ 38 ಆಗಿತ್ತು. ಇಳಿಯುವ ಬದಲು ಏರಿದ್ದೇಕೆಂದು ಕ್ಷಣಕಾಲ ತಿಳಿಯಲಿಲ್ಲ. ಪಕ್ಕದ ಮನೆಯ ಮಾಡಿನ ನೆರಳು ಸರಿದು ಟ್ಯಾಂಕಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಈ ಪರೀಕ್ಷೆಯನ್ನು ಬಿಸಿಲು ತಾಗದ ಹೊತ್ತಿನಲ್ಲೇ ಮಾಡಬೇಕು.

ಜೂನ್ ಕೊನೆಯ ವಾರ ತಪಾಸಣೆಯಲ್ಲಿ ವ್ಯಾನ್ ಉತ್ತೀರ್ಣವಾಯಿತು. ಭರ್ತಿ ಮಾಡಿಸಿ ಬಿಸಿಲಿನಲ್ಲಿ ನಿಲ್ಲಿಸಿದರೂ ರಟ್ಟು ಒಣಗಿತ್ತು, ವಾಸನೆಯಿರಲಿಲ್ಲ. ಕೆಲಸ ಮುಗಿಯಿತೆಂದು ಭಾವಿಸಿ ಜುಲೈಯಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ದಾಟಿ, ಟಯೋಗಾ ಪಾಸ್ ಎಂಬ ಬೆಟ್ಟದ ಕಣಿವೆದಾರಿ ಏರಿ, ಆಚೆಯ ಊರಾದ ಲೀ ವೈನಿಂಗ್‌ಗೆ ಹೋದೆವು. ಟಯೋಗಾ ಪಾಸ್‌ನ ಎತ್ತರ 9,943 ಅಡಿ, ಅಂದರೆ 3,031 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ.

ಮರಳುವಾಗ ಲೀ ವೈನಿಂಗ್‌ನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ ಹೊರಟೆವು. ಪಾಸ್ ದಾಟಿ ಕೆಳಗಿಳಿಯುತ್ತ ಹೋದಂತೆ ಪೆಟ್ರೋಲ್ ಪಂಪಿನ ಸದ್ದು ಬದಲಾಯಿತು. ಎಂದಿನ ಸಣ್ಣ ಗುಂಯ್‌ಗುಡುವಿಕೆ ಹೋಗಿ ಎಳೆದೆಳೆದು ಕೂಗುವ ಸ್ವರ ಬಂತು. ಕಣಿವೆಯ ಏರುಗಳಲ್ಲಿ ಎಂಜಿನ್ ಎರಡು ಬಾರಿ ತಡವರಿಸಿತು. ಓಕ್‌ಡೇಲ್ ಸಮೀಪಿಸುವಾಗ ಕಾಲಡಿಯಿಂದ ಖಾಲಿ ಎಣ್ಣೆ ಡಬ್ಬಿಯನ್ನು ಅದುಮಿದಂಥ “ಟೊಳ್” ಎಂಬ ಸದ್ದು ಕೇಳಿತು. ಬಂಕಿನಲ್ಲಿ ನಿಲ್ಲಿಸಿ ಮುಚ್ಚಳ ತಿರುವಿದಾಗ ಗಾಳಿ ಒಳಕ್ಕೆ ನುಗ್ಗಿತು. ಹೊರಕ್ಕಲ್ಲ, ಒಳಕ್ಕೆ, ಕೈಯನ್ನು ಅಡ್ಡ ಹಿಡಿದರೆ ಅಂಗೈ ಎಳೆದುಕೊಳ್ಳುತ್ತಿತ್ತು. ಆ ಸದ್ದು ನಿಲ್ಲಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಯಿತು. ಕೊನೆಯಲ್ಲಿ ಕೆಳಗಿನಿಂದ ಮತ್ತೊಮ್ಮೆ “ಟೊಳ್”, ತಗಡು ತನ್ನ ಆಕಾರಕ್ಕೆ ಮರಳಿತು.

ಟ್ಯಾಂಕಿನೊಳಗೆ ಗಾಳಿ ಹೋಗುತ್ತಲೇ ಇರಲಿಲ್ಲ. ಖರ್ಚಾದ ಪೆಟ್ರೋಲಿನ ಜಾಗ ಬರಿದಾಗುತ್ತಿತ್ತು, ಇಳಿಜಾರಿನಲ್ಲಿ ಹೊರಗಿನ ಒತ್ತಡ ಏರುತ್ತಿತ್ತು, ಎಂಜಿನ್ ಕೂಡ ಇದ್ದಿಲಿನ ಡಬ್ಬಿಯ ಮೂಲಕ ತನ್ನ ಕಡೆಗೆ ಎಳೆಯುತ್ತಿತ್ತು. ಟ್ಯಾಂಕಿನ ಒಂದು ಮುಖವನ್ನು 40 ಸೆಂಟಿಮೀಟರಿಗೆ 60 ಎಂದು ಹಿಡಿದರೂ, ಒಳಗೂ ಹೊರಗೂ ಒಂದು ಬಾರ್‌ನ ಹತ್ತನೇ ಒಂದು ಪಾಲು ವ್ಯತ್ಯಾಸ ಬಂದರೆ ಆ ತಗಡಿನ ಮೇಲೆ ಸುಮಾರು 240 ಕಿಲೋ ಭಾರ ಹೇರಿದಂತಾಗುತ್ತದೆ.

ಉಳಿದ ದಾರಿಯನ್ನು ಅರ್ಧ ಗಂಟೆಗೊಮ್ಮೆ ನಿಂತು, ಮುಚ್ಚಳ ಸಡಿಲಿಸಿ ಮತ್ತೆ ಬಿಗಿದು ಮುಗಿಸಿದೆವು. ಮರುದಿನ ಹಿಂಭಾಗದ ಇದ್ದಿಲಿನ ಡಬ್ಬಿಯನ್ನು ಬಿಚ್ಚಿದೆ. ಹೊರಗಾಳಿ ಒಳಬರುವ ಬಾಯಿಯಲ್ಲಿ ಮಣ್ಣಿನ ಬಿರಡೆ ಇತ್ತು. ಕಡ್ಡಿಯಿಂದ ಕೆದಕಿದಾಗ ಗೋಡೆ ಗೋಡೆಯಾಗಿ ಕಟ್ಟಿದ ಕೋಣೆಗಳು ಒಂದೊಂದಾಗಿ ಪುಡಿಯಾಗಿ ಬಿದ್ದವು. ಒಳಗೆ ಒಣಗಿದ ಜೇಡಗಳು, ಖಾಲಿ ಗೂಡಿನ ಕಂದು ಪೊರೆ. ಊರಿನ ಮನೆಯ ಕಿಟಕಿ ಸಂದಿಯಲ್ಲಿ, ಬೀಗದ ಕಿಂಡಿಯಲ್ಲಿ ಕುಂಬಾರ ಹುಳು ಕಟ್ಟುವ ಗೂಡನ್ನು ನೋಡಿ ಬೆಳೆದವನಿಗೆ ಅದೇನೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು, ಆ ವರ್ಷ ಕಟ್ಟಿದ್ದಲ್ಲ.

ಆಗ ಹಿಂದಿನದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಡಬ್ಬಿಯ ಬಾಯಿ ಬಹಳ ಹಿಂದೆಯೇ ಮುಚ್ಚಿಹೋಗಿತ್ತು. ಅಂದಿನಿಂದ ಟ್ಯಾಂಕ್ ಉಸಿರಾಡುತ್ತಿದ್ದದ್ದು ಒಡೆದ ಗ್ರಾಮೆಟ್‌ಗಳ ಬಿರುಕಿನಿಂದ: ಬಿಸಿಲಿನಲ್ಲಿ ಆವಿ ಅಲ್ಲಿಂದಲೇ ಹೊರಬರುತ್ತಿತ್ತು, ಓಡುವಾಗ ಗಾಳಿ ಅಲ್ಲಿಂದಲೇ ಒಳಹೋಗುತ್ತಿತ್ತು. ವಾಸನೆ ಅಷ್ಟು ದಟ್ಟವಾಗಿದ್ದುದಕ್ಕೂ ಅರ್ಧ ಕಾರಣ ಇದೇ. ಇದ್ದಿಲಿಗೆ ಹೋಗಬೇಕಿದ್ದ ಆವಿಗೆ ಆ ದಾರಿಯೇ ಇರಲಿಲ್ಲ. ನಾನು ಬಿರುಕುಗಳನ್ನೆಲ್ಲ ಮುಚ್ಚಿದ ದಿನ ಟ್ಯಾಂಕಿಗೆ ಉಳಿದಿದ್ದ ಕೊನೆಯ ಮೂಗನ್ನೂ ಮುಚ್ಚಿದೆ. ಮನೆಯ ಪರೀಕ್ಷೆಯಲ್ಲಿ ಹಿಂದಿನ ಕೊಳವೆಯನ್ನು ಕಳಚಿ ಅಳತೆ ಮಾಡಿದ್ದರಿಂದ ಅದು ನನಗೆ ಕಾಣಲಿಲ್ಲ. ತಪಾಸಣೆಯ ಪರೀಕ್ಷೆ ನೋಡುವುದು ಸೋರಿಕೆಯನ್ನು, ಹಾಗಾಗಿ ಅಲ್ಲಿಯೂ ಕಾಣಲಿಲ್ಲ. ಪೂರ್ತಿ ಮುಚ್ಚಿದ ಟ್ಯಾಂಕ್ ಅಲ್ಲಿ ಚೆನ್ನಾಗಿಯೇ ಉತ್ತೀರ್ಣವಾಗುತ್ತದೆ. ಗ್ರಾಮೆಟ್ ಬದಲಿಸುವವರು ಅದೇ ದಿನ ಕವಾಟದ ತುದಿಯಿಂದ ಹಿಂಭಾಗದ ಕಡೆಗೆ ಬುಗ್ಗೆಯಿಂದ ಗಾಳಿ ಒತ್ತಿ, ಅದು ಡಬ್ಬಿಯ ಬಾಯಿಯಲ್ಲಿ ಹೊರಬರುವುದನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಎರಡು ನಿಮಿಷದ ಕೆಲಸ ಅದು. ನನ್ನ ಈ ಪ್ರಕರಣದಲ್ಲಿ ಟ್ಯಾಂಕಿನ ತಗಡು ಬಗ್ಗಿ ಹಾಳಾಗದೆ ಉಳಿದದ್ದು ಅದೃಷ್ಟ.

ಡಬ್ಬಿಯನ್ನು ಅಲುಗಾಡಿಸಿದಾಗ ಒಳಗೆ ಇದ್ದಿಲಿನ ಕಾಳುಗಳು ಸಡಿಲವಾಗಿ ಸದ್ದು ಮಾಡಿದ್ದರಿಂದ ಅದನ್ನೂ ಬದಲಿಸಿದೆ. ಹೊಸ ಡಬ್ಬಿಯ ಬಾಯಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿಯನ್ನು ಗಾಳಿಗೆ ತಡೆಯಾಗದಂತೆ ಸಡಿಲವಾಗಿ ಮಡಚಿ ಕೂರಿಸಿದೆ. ಎಂಜಿನ್ ಎಣ್ಣೆ ಬದಲಿಸುವಾಗೆಲ್ಲ ಅದನ್ನು ತೆಗೆದು ನೋಡುತ್ತೇನೆ. ಟ್ಯಾಂಕ್ ತುಂಬಿಸುವಾಗ ಬಂಕಿನ ನಳಿಗೆ ಮೊದಲ ಸಲ ತಾನಾಗಿ ನಿಂತಾಗಲೇ ನಿಲ್ಲಿಸುತ್ತೇವೆ. ಮೇಲೆ ಒತ್ತಿ ಸುರಿದ ಪೆಟ್ರೋಲ್ ಹಿಗ್ಗುವಿಕೆಗೆಂದು ಬಿಟ್ಟ ಜಾಗವನ್ನು ತಿನ್ನುತ್ತದೆ, ಕೆಲವೊಮ್ಮೆ ದ್ರವರೂಪದಲ್ಲೇ ಇದ್ದಿಲಿಗೆ ಹೋಗಿ ಡಬ್ಬಿಯನ್ನು ಕೆಡಿಸುತ್ತದೆ. ಬಂಕಿಗೆ ತಿರುಗುವ ಮೊದಲು ಫ್ರಿಜ್ಜಿನ ಜ್ವಾಲೆ ಆರಿಸುವುದು ಮುಂಚಿನಿಂದಲೂ ಇದ್ದ ರೂಢಿ. ಈಗ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಬರೆದೂ ಅಂಟಿಸಿದ್ದೇವೆ.

ಆಗಸ್ಟ್ ಕೊನೆಯಲ್ಲಿ ಅದೇ ದಾರಿಯಲ್ಲಿ ಮತ್ತೊಮ್ಮೆ ಟಯೋಗಾ ಪಾಸ್ ಹತ್ತಿ ಇಳಿದೆವು. ಓಕ್‌ಡೇಲ್‌ನಲ್ಲಿ ಮುಚ್ಚಳ ತೆಗೆದಾಗ ಯಾವ ಸದ್ದೂ ಇರಲಿಲ್ಲ. ಕವಾಟದಿಂದ ಹಿಂಭಾಗದವರೆಗಿನ ಉದ್ದನೆಯ ಕೊಳವೆ ಮಾತ್ರ ಇನ್ನೂ 1987ರದ್ದೇ. ಸೋರುತ್ತಿಲ್ಲ, ಆದರೆ ಎರಡು ಕಡೆ ಬಿಳಚಿಕೊಂಡಿದೆ. ಟಯೋಗಾ ರಸ್ತೆ ಹಿಮಕ್ಕೆ ಮುಚ್ಚಿದ ಮೇಲೆ, ವ್ಯಾನ್ ಮನೆಯಲ್ಲೇ ನಿಲ್ಲುವ ಚಳಿಗಾಲದ ತಿಂಗಳುಗಳಲ್ಲಿ, ಅದನ್ನೂ ಬದಲಿಸಲಿದ್ದೇನೆ.